ಎತ್ತರ ನೀನು ಕೊಡಬೇಡ

ಪುಟ್ಟಿ, ನೀನು ಕಳಿಸಿದ ಟ್ಯಾಂಕಿನ ಮಾಡೆಲ್ ರಾತ್ರಿ ಊಟ ಆದಮೇಲೆ ತೆರೆದು ನೋಡಿದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿಗೆ ಚೆನ್ನಾಗೇ ಮಾಡಿದ್ದೀಯ. ಆದರೆ ತುದಿಯನ್ನು ಹಿಗ್ಗಿಸಿ ನೋಡಿದರೆ ನೆತ್ತಿಯ ಮೇಲೆ ಸಾಸಿವೆಗಿಂತ ಚಿಕ್ಕದೊಂದು ಚಪ್ಪಟೆ ಬೊಟ್ಟು. ಮಾವನ ಕಣ್ಣು ಇನ್ನೂ ಅಷ್ಟು ಮಂಜಾಗಿಲ್ಲಮ್ಮ. 1000 ಮಿ.ಮೀ. ವ್ಯಾಸದ ಸಿಲಿಂಡರ್ ಎಬ್ಬಿಸಿದೆ, ಅಂಚಿಗೆ 500ರ ಫಿಲೆಟ್ ಕೊಟ್ಟೆ, ಒಪ್ಪಲಿಲ್ಲ, 499.9 ಕೊಟ್ಟೆ, ಒಪ್ಪಿತು. ಹೌದು ತಾನೆ?

ಎಲ್ಲರೂ ಮಾಡುವ ಉಪಾಯವೇ ಅದು. ಫಿಲೆಟ್ ಇರೋದು ಎರಡು ಮುಖಗಳ ನಡುವಿನ ಅಂಚನ್ನು ದುಂಡಗೆ ಮಾಡೋಕೆ. ಪೂರ್ತಿ 500 ಕೊಟ್ಟರೆ ಮೇಲಿನ ಚಪ್ಪಟೆ ಮುಖ ಕುಗ್ಗಿ ಕುಗ್ಗಿ ಚುಕ್ಕಿಯಾಗಿ ಮಾಯವಾಗುತ್ತೆ. ಕೆಲವು ಸಾಫ್ಟ್‌ವೇರ್ ಹೇಗೋ ಸುಧಾರಿಸಿಕೊಳ್ಳುತ್ತವೆ, ಕೆಲವು ಕೈ ಎತ್ತಿಬಿಡುತ್ತವೆ. ನೀನು 0.1 ಕಡಿಮೆ ಕೊಟ್ಟು ದಾಟಿಸಿದ್ದಕ್ಕೆ 0.2 ಮಿ.ಮೀ. ಅಗಲದ ಬೊಟ್ಟು ಉಳಿದುಕೊಂಡಿದೆ. ನಾಳೆ ಅನಾಲಿಸಿಸ್‌ನವರು ಮೆಶ್ ಹಾಕಿದಾಗ ಆ ಬೊಟ್ಟಿನ ಸುತ್ತ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲಿಮೆಂಟ್‌ಗಳು ಮುತ್ತುತ್ತವೆ. ಬೈಗುಳ ಬರೋದು ನಿನ್ನ ಹೆಸರಿಗೆ.

ದುಂಡು ತುದಿಯನ್ನು ಕೊನೆಗೆ ಅಂಟಿಸುವ ಅಲಂಕಾರ ಅಂದುಕೊಳ್ಳಬೇಡ. ಅರ್ಧ ಸೀಳಿನ ಗೆರೆಯನ್ನು ಸ್ಕೆಚ್‌ನಲ್ಲಿ ಬರೆದು, ಅಕ್ಷದ ಸುತ್ತ ರಿವಾಲ್ವ್ ಮಾಡು. ಕುಂಬಾರನ ತಿಗರಿ ಮಾಡೋದೂ ಅದನ್ನೇ. ಒಂದೇ ಎಚ್ಚರ: ನೆತ್ತಿಯ ಕಮಾನಿನ ಕೇಂದ್ರ ಅಕ್ಷದ ಮೇಲೇ ಕೂತಿರಬೇಕು. ಅಕ್ಷ ದಾಟಿ ಆಚೆ ಹೋದರೆ ನೆತ್ತಿ ನಿಂಬೆಹಣ್ಣಿನ ಮೂತಿಯಾಗುತ್ತೆ, ಈಚೆಗೇ ನಿಂತರೆ ಸೇಬಿನ ತೊಟ್ಟಿನ ಗುಳಿ.

ಇಷ್ಟೂ ಸರಿಹೋದರೂ ನಿನ್ನ ಮಾಡೆಲ್ ತಪ್ಪೇ. ಡ್ರಾಯಿಂಗ್‌ನಲ್ಲಿ ಕೇಳಿರೋದು ಅರ್ಧಗೋಳ ಅಲ್ಲ, ಜರ್ಮನಿಯ ಡಿನ್ 28011 ಪ್ರಮಾಣದ ಡಿಶ್ ಎಂಡ್, ಅಂದರೆ ಅರ್ಧಗೋಳಕ್ಕಿಂತ ಆಳ ಕಡಿಮೆಯ ಬಟ್ಟಲಿನಂಥ ಮುಚ್ಚಳ. ನಿನ್ನ ಲೆಕ್ಕದಲ್ಲಿ ಹೋದರೆ ಟ್ಯಾಂಕು ಒಂದೊಂದು ಕಡೆಗೂ ಸುಮಾರು 300 ಮಿ.ಮೀ. ಉದ್ದ ಬೆಳೆಯುತ್ತೆ.

ಯಾಕೆ ಇಷ್ಟೊಂದು ಆಕಾರ ಅಂತ ಕೇಳ್ತೀಯ. ಒಳಗಿನ ಒತ್ತಡ ತಡೆಯೋದರಲ್ಲಿ ಅರ್ಧಗೋಳವೇ ರಾಜ. ಶೆಲ್‌ಗೆ, ಅಂದರೆ ಟ್ಯಾಂಕಿನ ಸಿಲಿಂಡರ್ ಗೋಡೆಗೆ, ಬೇಕಾದ ದಪ್ಪದ ಹೆಚ್ಚುಕಮ್ಮಿ ಅರ್ಧ ಸಾಕು. ಆದರೆ ಅಷ್ಟು ಆಳಕ್ಕೆ ತಟ್ಟಿಳಿಸೋದು ದುಬಾರಿ. ಎರಡಕ್ಕೊಂದರ ಎಲಿಪ್ಸ್ ಆದರೆ ಆಳ ವ್ಯಾಸದ ಕಾಲು ಭಾಗ, ದಪ್ಪ ಶೆಲ್‌ನಷ್ಟೇ. ಇನ್ನೂ ಅಗ್ಗಕ್ಕೆ ಬೇಕು ಅಂದರೆ ನೆತ್ತಿಗೊಂದು ದೊಡ್ಡ ಕಮಾನು, ಮೂಲೆಗೊಂದು ಚಿಕ್ಕ ಕಮಾನು. ಆ ಚಿಕ್ಕದಕ್ಕೆ ನಮ್ಮ ಶಾಪ್‌ನವರು ನಕಲ್ ಅಂತಾರೆ. ಮಾಡೋಕೆ ಸುಲಭ, ಆದರೆ ಉಳಿಸಿದ ದುಡ್ಡನ್ನು ಪ್ಲೇಟು ವಾಪಸ್ ಕೇಳುತ್ತೆ: ಅಮೆರಿಕದ ಎಎಸ್‌ಎಂಇ ಕೋಡ್ ಪ್ರಕಾರ ನೆತ್ತಿಯ ರೇಡಿಯಸ್ ಹೊರವ್ಯಾಸದಷ್ಟು, ನಕಲ್ ಅದರ ಶೇಕಡಾ 6 ಇದ್ದರೆ, ದಪ್ಪ ಎಲಿಪ್ಸ್‌ಗಿಂತ ಸುಮಾರು 1.77 ಪಟ್ಟು.

ನಿನ್ನ ಟ್ಯಾಂಕಿಗೆ ಬರೋಣ. ಅದರ ಡಿಶ್ ಎಂಡೂ ಈ ಎರಡು ಕಮಾನಿನ ಜಾತಿಯೇ. ಹೊರವ್ಯಾಸ 1000, ಪ್ಲೇಟ್ 10. ಡಿನ್ ಪ್ರಕಾರ ನೆತ್ತಿಯ ಒಳ ರೇಡಿಯಸ್ 1000, ನಕಲ್ 100. ಒಳಗಿನ ಗೆರೆಯನ್ನೇ ಮೊದಲು ಬರೆ. ಅಕ್ಷದಿಂದ 490ಕ್ಕೆ ನೇರ ಗೋಡೆ. 1000ದ ಕಮಾನು, ಕೇಂದ್ರ ಅಕ್ಷದ ಮೇಲೆ. ನಡುವೆ 100ರ ಕಮಾನು, ಎರಡಕ್ಕೂ ಟ್ಯಾಂಜೆಂಟ್. ಅಲ್ಲಿಗೆ ನಿಲ್ಲಿಸು. ಎತ್ತರ ನೀನು ಕೊಡಬೇಡ, ಅದು ತಾನಾಗಿ ಬರುತ್ತೆ. ಅಳೆದು ನೋಡು, 189 ಮಿ.ಮೀ. ತೋರಿಸಿದರೆ ನಿನ್ನ ಸ್ಕೆಚ್ ಸರಿ. ಹೊಸಬರೆಲ್ಲ ಎತ್ತರವನ್ನು ಅಂದಾಜಿಗೆ ಕೂರಿಸಿ, ಸ್ಕೆಚ್ ಕೆಂಪಾದಾಗ ಟ್ಯಾಂಜೆಂಟ್ ಕಿತ್ತುಹಾಕ್ತಾರೆ. ಕಿತ್ತ ಜಾಗದಲ್ಲಿ ಕಣ್ಣಿಗೆ ಕಾಣದ ಮೊಣಕೈ ಉಳಿಯುತ್ತೆ. ಸಾಲಿಡ್‌ವರ್ಕ್ಸ್‌ನಲ್ಲಿ ಡೋಮ್ ಅಂತಲೇ ಒಂದು ಕಮಾಂಡ್ ಇದೆ, ಅದೂ ಕೇಳೋದು ಎತ್ತರವನ್ನೇ. ಬಾಟಲಿ ಮುಚ್ಚಳಕ್ಕೆ ಆಗುತ್ತೆ, ಡಿಶ್ ಎಂಡ್‌ಗೆ ಬೇಡ.

ಮುಂದೆ ಎಲಿಪ್ಸ್ ಬಂದಾಗ ಇನ್ನೊಂದು ಗುಂಡಿ ಕಾದಿರುತ್ತೆ. ಎಲಿಪ್ಸ್‌ನ ಆಫ್‌ಸೆಟ್ ಎಲಿಪ್ಸ್ ಅಲ್ಲ. ಹೊರಗೊಂದು, ಒಳಗೊಂದು ಎಲಿಪ್ಸ್ ಬರೆದರೆ ದಪ್ಪ ಎಲ್ಲ ಕಡೆ ಒಂದೇ ಇರೋದಿಲ್ಲ. ಒಳಗಿನದನ್ನು ಬರೆದು ಹೊರಕ್ಕೆ ದಪ್ಪ ಕೊಡು.

ಇನ್ನು ಸ್ಟ್ರೈಟ್ ಫೇಸ್. ಕಮಾನು ಮುಗಿದು ವೆಲ್ಡ್ ಶುರುವಾಗುವ ಮುಂಚೆ ಡಿಶ್ ಎಂಡ್‌ನಲ್ಲೇ ಒಂದು ತುಂಡು ನೇರ ಗೋಡೆ ಇರುತ್ತೆ. ಕಮಾನು ಮುಗಿಯುವ ಗೆರೆ ಟ್ಯಾನ್ ಲೈನ್, ವೆಲ್ಡ್ ಬೀಳುವ ಗೆರೆ ವೆಲ್ಡ್ ಲೈನ್. ಡಿನ್ ಪ್ರಕಾರ ಅದು ದಪ್ಪದ ಮೂರೂವರೆ ಪಟ್ಟಾದರೂ ಬೇಕು, ನಿನಗೆ 35 ಮಿ.ಮೀ. ಬಾಗು ತಿರುಗುವ ಜಾಗದಲ್ಲೇ ವೆಲ್ಡ್ ಬೀಳಬಾರದು ಅಂತ ಈ ಏರ್ಪಾಡು. ಡ್ರಾಯಿಂಗ್‌ನಲ್ಲಿ ಬರೆದಿರುವ ಉದ್ದ ಟ್ಯಾನ್ ಲೈನ್‌ನಿಂದ ಟ್ಯಾನ್ ಲೈನ್‌ಗೋ, ವೆಲ್ಡ್ ಲೈನ್‌ನಿಂದ ವೆಲ್ಡ್ ಲೈನ್‌ಗೋ, ಕೇಳಿಯೇ ಮುಂದೆ ಹೋಗು. ನಾನು ಕೇಳಿರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಟ್ಯಾನ್ ಲೈನ್ ಅಳತೆಯನ್ನೇ ಶೆಲ್ ಉದ್ದ ಅಂತ ಕೊಟ್ಟುಬಿಟ್ಟೆ. ಎರಡು ಕಡೆ ಡಿಶ್ ಎಂಡ್ ತನ್ನ 40-40 ಸೇರಿಸಿಕೊಂಡು ಬಂತು. ಟ್ಯಾಂಕು ಕಬ್ಬಿಣದ ಚೌಕಟ್ಟಿನೊಳಗೆ ಕೂರಲೇ ಇಲ್ಲ. ಎಂಬತ್ತು ಮಿಲಿಮೀಟರ್ ಕತ್ತರಿಸಿ, ಮತ್ತೆ ವೆಲ್ಡ್ ಮಾಡಿ, ಮತ್ತೆ ಎಕ್ಸ್‌ರೇ. ಆ ವಾರ ನಿಮ್ಮತ್ತೆ ಜೊತೆಗೂ ನಾನು ಮಾತಾಡಿಲ್ಲ.

ಈಗ ಆ ಫಿಲೆಟ್ ಅಳಿಸಿ ಹೊಸದಾಗಿ ಬರೆ. ಶನಿವಾರ ಪೀಣ್ಯಕ್ಕೆ ಹೋಗ್ತಿದ್ದೀನಿ, ಡಿಶ್ ಎಂಡ್ ಒತ್ತುವ ಶಾಪ್‌ಗೆ. ಪ್ರೆಸ್‌ನಲ್ಲಿ ನೆತ್ತಿ ತಟ್ಟೋದು, ಆಮೇಲೆ ಇನ್ನೊಂದು ಯಂತ್ರದಲ್ಲಿ ತಿರುಗಿಸುತ್ತಾ ನಕಲ್ ಮಡಚೋದು, ತಗಡಿನ ಟೆಂಪ್ಲೇಟ್ ಇಟ್ಟು ಸಂದಿನಲ್ಲಿ ಬೆಳಕು ತೂರುತ್ತಾ ಅಂತ ನೋಡೋದು, ಎಲ್ಲ ನೋಡಬಹುದು. ಮಡಚಿದ ಜಾಗದಲ್ಲಿ ಪ್ಲೇಟು ಎಷ್ಟು ತೆಳುವಾಗಿದೆ ಅಂತ ಅವರೇ ಗೇಜ್ ಹಿಡಿದು ತೋರಿಸ್ತಾರೆ. ಬರೋದಾದರೆ ಶೂ ಹಾಕ್ಕೊಂಡು ಬಾ, ಚಪ್ಪಲಿಯಲ್ಲಿ ಒಳಗೆ ಬಿಡಲ್ಲ.