ಸೊಂಟನೋವು: ವಿಧಗಳು, ಕಾರಣಗಳು ಮತ್ತು ತಡಮಾಡಬಾರದ ಲಕ್ಷಣಗಳು

ಕಾಫಿ ಕುಯ್ಲು ಶುರುವಾದರೆ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಸಂಜೆ ಹೊತ್ತು ಕೆಲವು ಮಾತುಗಳು ಮತ್ತೆ ಮತ್ತೆ ಕೇಳಿಸುತ್ತವೆ: ‘ಸೊಂಟ ಹಿಡ್ಕೊಂಡಿದೆ’, ‘ಉಳುಕಿದೆ’, ‘ಕಾಲಿಗೆ ಚಳುಕು ಹೊಡೀತಿದೆ’, ‘ಪಾದ ಜೋಮು ಹಿಡಿದಿದೆ’. ಮಳೆಗಾಲದಲ್ಲಿ ಗದ್ದೆ ನಾಟಿ, ನವೆಂಬರಿನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ. ಬಾಗುವ, ಎತ್ತುವ, ಹೊರುವ ಕೆಲಸಕ್ಕೆ ಬಿಡುವಿಲ್ಲ. ಕೂಲಿ ತಪ್ಪುತ್ತದೆಂದು ಹೆಚ್ಚಿನವರು ಒಂದು ಮಾತ್ರೆ ನುಂಗಿ ಮರುದಿನವೂ ತೋಟಕ್ಕೆ ಹೋಗುತ್ತಾರೆ.

ಮೇಲಿನ ಮಾತುಗಳು ಒಂದೇ ತೊಂದರೆಯ ಬೇರೆ ಬೇರೆ ಹೆಸರುಗಳಲ್ಲ. ಒಂದೊಂದು ಮಾತೂ ಒಂದೊಂದು ಬಗೆಯ ನೋವಿನ ಸುಳಿವು ಕೊಡುತ್ತದೆ. ಯಾವ ನೋವು ತಾನಾಗಿ ಕಡಿಮೆಯಾಗುತ್ತದೆ, ಯಾವುದಕ್ಕೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು ಎಂಬುದು ಗೊತ್ತಿದ್ದರೆ ಮನೆಯವರಿಗೆ ನಾವೇ ನೆರವಾಗಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು. 2050ರ ಹೊತ್ತಿಗೆ ಇದು 84.3 ಕೋಟಿಗೆ ಏರಬಹುದೆಂದು ಅಂದಾಜು.

ರಚನೆ

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ಓದಿದಂತೆ ನಮ್ಮ ಬೆನ್ನುಮೂಳೆಯಲ್ಲಿ 26 ಮೂಳೆಗಳಿವೆ. ಕುತ್ತಿಗೆಯಲ್ಲಿ 7, ಎದೆಯ ಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ ಕೂಡಿಕೊಂಡ ಎರಡು ಮೂಳೆಗಳು. ದೇಹದ ಮೇಲ್ಭಾಗದ ಭಾರವನ್ನು ಹೊರುವುದು ಸೊಂಟದ ಐದು ಕಶೇರುಕಗಳು. ಎರಡು ಕಶೇರುಕಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಇದೆ. ಅದರ ಹೊರಭಾಗ ಗಟ್ಟಿ ನಾರಿನದು, ಒಳಭಾಗ ಲೋಳೆಯಂಥದ್ದು. ಕಾಲುಗಳಿಗೆ ಹೋಗುವ ನರಗಳು ಇದರ ಪಕ್ಕದಲ್ಲೇ ಹೊರಬರುತ್ತವೆ. ಸುತ್ತಲೂ ಸ್ನಾಯುಗಳೂ ಅಸ್ಥಿರಜ್ಜುಗಳೂ ಇವೆ. ಇವುಗಳಲ್ಲಿ ಯಾವುದಕ್ಕೆ ತೊಂದರೆಯಾದರೂ ನಾವು ಹೇಳುವುದು ‘ಸೊಂಟನೋವು’ ಎಂದೇ.

ಅವಧಿಯ ಪ್ರಕಾರ ವಿಧಗಳು

6 ವಾರಕ್ಕಿಂತ ಕಡಿಮೆ ಇದ್ದರೆ ತೀವ್ರ ನೋವು, 6ರಿಂದ 12 ವಾರ ಇದ್ದರೆ ಉಪತೀವ್ರ, 12 ವಾರ ದಾಟಿದರೆ ದೀರ್ಘಕಾಲಿಕ. ಇಲ್ಲಿ ‘ತೀವ್ರ’ ಎಂದರೆ ಹೊಸದಾಗಿ ಬಂದದ್ದು ಎಂದರ್ಥ. ನೋವು ಎಷ್ಟು ಜೋರಾಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಕಾರಣದ ಪ್ರಕಾರ ವಿಧಗಳು

1. ಸಾಮಾನ್ಯ ಸೊಂಟನೋವು: ‘ಹಿಡ್ಕೊಂಡಿದೆ’, ‘ಉಳುಕಿದೆ’ ಎನ್ನುವುದು ಬಹುಪಾಲು ಇದೇ. ಸ್ನಾಯು, ಅಸ್ಥಿರಜ್ಜು, ಕೀಲುಗಳ ಮೇಲೆ ಒತ್ತಡ ಬಿದ್ದು ಬರುತ್ತದೆ. ಇಂಥದ್ದೇ ಜಾಗ ಎಂದು ಬೆರಳಿಟ್ಟು ತೋರಿಸಲು ವೈದ್ಯರಿಗೂ ಆಗದು. ಸುಮಾರು ಶೇ. 90ರಷ್ಟು ಸೊಂಟನೋವು ಈ ಗುಂಪಿಗೆ ಸೇರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ.

2. ನರದ ನೋವು: ‘ಚಳುಕು’, ‘ಜೋಮು’ ಎಂಬ ಮಾತುಗಳನ್ನು ಗಮನಿಸಿ. ಡಿಸ್ಕ್‌ನ ಒಳಭಾಗ ಹೊರಚಾಚಿ ನರವನ್ನು ಒತ್ತಿದರೆ ನೋವು ಪೃಷ್ಠದಿಂದ ತೊಡೆ, ಮೀನಖಂಡ, ಪಾದದವರೆಗೂ ಇಳಿಯುತ್ತದೆ. ಕೆಮ್ಮಿದಾಗ, ಸೀನಿದಾಗ ಹೆಚ್ಚಾಗಬಹುದು. ಇದನ್ನು ಸಯಾಟಿಕಾ ಎನ್ನುತ್ತಾರೆ.

3. ಉರಿಯೂತದ ನೋವು: ಹದಿಹರೆಯದ ಕೊನೆಯಿಂದ 40 ವರ್ಷದೊಳಗೆ ನಿಧಾನವಾಗಿ ಶುರುವಾಗುತ್ತದೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸೊಂಟ ಬಿಗಿ. ಮಲಗಿದರೆ ಹೆಚ್ಚು, ಓಡಾಡಿದರೆ ಕಡಿಮೆ. ‘ಈ ವಯಸ್ಸಿಗೆ ಎಂಥ ಸೊಂಟನೋವು’ ಎಂದು ಹುಡುಗರನ್ನು ಗೇಲಿ ಮಾಡುವ ಮೊದಲು ಇದನ್ನು ನೆನೆಯಬೇಕು.

4. ಬೇರೆ ಕಾಯಿಲೆಗಳಿಂದ ಬರುವ ನೋವು: ಮೂತ್ರಪಿಂಡದ ಕಲ್ಲು, ಗರ್ಭಕೋಶದ ತೊಂದರೆ, ಬೆನ್ನುಮೂಳೆಯ ಕ್ಷಯ, ಮೂಳೆ ಸವೆದವರಲ್ಲಿ ಬಿರುಕು, ಅಪರೂಪಕ್ಕೆ ಕ್ಯಾನ್ಸರ್. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುತ್ತದೆ ಎಂದುಕೊಂಡವರು ಬಹಳ. ಅದು ಬೆನ್ನುಮೂಳೆಗೂ ಬರುತ್ತದೆ.

ಭಾರದ ಲೆಕ್ಕ

ಭೌತಶಾಸ್ತ್ರದ ಸನ್ನೆಯ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆನ್ನಿನ ಸ್ನಾಯುಗಳು ಡಿಸ್ಕ್‌ನ ನಡುಭಾಗದಿಂದ ಸುಮಾರು 5 ಸೆಂ.ಮೀ. ಹಿಂದಿವೆ. 20 ಕೆ.ಜಿ. ತೂಕದ ಹಣ್ಣಿನ ಚೀಲವನ್ನು ಸೊಂಟದಿಂದ 40 ಸೆಂ.ಮೀ. ಮುಂದೆ ಹಿಡಿದರೆ, ಸರಿದೂಗಿಸಲು ಸ್ನಾಯುಗಳು 20 × 40 ÷ 5 = 160 ಕೆ.ಜಿ. ತೂಕದಷ್ಟು ಬಲ ಹಾಕಬೇಕು. ಅದೇ ಚೀಲವನ್ನು ಮೈಗೆ ಒತ್ತಿ 20 ಸೆಂ.ಮೀ. ದೂರದಲ್ಲಿ ಹಿಡಿದರೆ 80 ಕೆ.ಜಿ. ಸಾಕು. ಬಾಗಿದ ದೇಹದ ತೂಕ ಈ ಲೆಕ್ಕದಲ್ಲಿ ಸೇರಿಲ್ಲ. ಮಂಡಿ ಮಡಚಿ, ಭಾರವನ್ನು ಹೊಟ್ಟೆಗೆ ತಾಗಿಸಿ, ಸೊಂಟ ತಿರುಚದೆ ಎತ್ತಿ ಎನ್ನುವುದು ಇದಕ್ಕೇ.

ಒಬ್ಬ ವಯಸ್ಕ ಗಂಡಸು ಹೊರುವ ಭಾರ 55 ಕೆ.ಜಿ. ಮೀರಬಾರದು, ಹೆಂಗಸರಿಗೂ ಎಳೆಯರಿಗೂ ಅದಕ್ಕಿಂತ ಬಹಳ ಕಡಿಮೆ ಇರಬೇಕು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿದೆ. ನಮ್ಮಲ್ಲಿ ಕಾಫಿ ಚೀಲದ ಲೆಕ್ಕವೇ 50 ಕೆ.ಜಿ. ಅದನ್ನು ಹೊತ್ತು ಇಳಿಜಾರಿನಲ್ಲಿ, ಜಾರುವ ಮಣ್ಣಿನ ಮೇಲೆ ನಡೆಯಬೇಕು. ಇಬ್ಬರು ಹಿಡಿದು ಎತ್ತುವುದು, ಚೀಲಕ್ಕೆ ಅರ್ಧ ತುಂಬುವುದು ಸೋಮಾರಿತನವಲ್ಲ.

ಭಾರ ಎತ್ತದವರಿಗೂ ನೋವು ಬರುತ್ತದೆ. ಗಂಟೆಗಟ್ಟಲೆ ಕೂತು ಓದುವುದು, ವ್ಯಾಯಾಮವಿಲ್ಲದಿರುವುದು, ಧೂಮಪಾನ, ಹೆಚ್ಚಿದ ಮೈತೂಕ, ನಿದ್ದೆಗೇಡು, ಮನಸ್ಸಿನ ಒತ್ತಡ ಇವೂ ಕಾರಣಗಳೇ.

ತಡಮಾಡಬಾರದ ಲಕ್ಷಣಗಳು

ಅದೇ ದಿನ ಆಸ್ಪತ್ರೆಗೆ ಹೋಗಬೇಕಾದದ್ದು: ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು, ಗುದದ ಸುತ್ತ ಮರಗಟ್ಟಿದರೆ, ಕಾಲಿನ ಶಕ್ತಿ ಕುಂದುತ್ತಾ ಹೋದರೆ, ಮರದಿಂದಲೋ ಏಣಿಯಿಂದಲೋ ಬಿದ್ದ ಮೇಲೆ ನೋವು ಬಂದರೆ. ನರಗಳ ಗೊಂಚಲು ಒತ್ತಿಹೋದಾಗ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ತಡವಾದರೆ ಹೋದ ಶಕ್ತಿ ಮರಳದೇ ಇರಬಹುದು. ಸಕಲೇಶಪುರದಿಂದ ಹಾಸನ ಸುಮಾರು 40 ಕಿ.ಮೀ. ದೂರ, ‘ನಾಳೆ ನೋಡೋಣ’ ಎನ್ನಬಾರದು.

ಕೆಲವು ದಿನಗಳೊಳಗೆ ತೋರಿಸಬೇಕಾದದ್ದು: ಸಂಜೆ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿನೋವು, 6 ವಾರ ದಾಟಿದ ನೋವು. ಕ್ಷಯವೆಂದಾದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ.

ಮನೆಯಲ್ಲಿ ಏನು ಮಾಡಬಹುದು?

ಸಾಮಾನ್ಯ ನೋವಿಗೆ ಒಂದೆರಡು ದಿನ ಭಾರದ ಕೆಲಸ ಬಿಟ್ಟು, ಬಿಸಿ ಶಾಖ ಕೊಟ್ಟು, ಆದಷ್ಟು ಓಡಾಡುತ್ತಿರಬೇಕು. ವಾರಗಟ್ಟಲೆ ಮಲಗಿದರೆ ಸ್ನಾಯು ಸೋತು ನೋವು ಉಳಿದುಕೊಳ್ಳುತ್ತದೆ. ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ತಂದು ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ ಪುಡಿಗಳಂತೂ ಬೇಡವೇ ಬೇಡ. ಎಕ್ಸ್‌ರೇ, ಎಂಆರ್‌ಐ ಎಲ್ಲರಿಗೂ ಬೇಕಾಗುವುದಿಲ್ಲ. ನೋವೇ ಇಲ್ಲದವರ ಡಿಸ್ಕ್‌ನಲ್ಲೂ ಸವೆತ ಕಾಣಿಸುವುದುಂಟು.

ಉಮ್ಮನೋ ಅಮ್ಮನೋ ಅಜ್ಜನೋ ‘ಸೊಂಟನೋವು’ ಎಂದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ದಿನದಿಂದ? ಕಾಲಿಗೆ ಇಳಿಯುತ್ತದೆಯೇ? ಜೊತೆಗೆ ಬೇರೇನಾದರೂ ತೊಂದರೆ ಇದೆಯೇ? ಮೂತ್ರದ ವಿಷಯ ಹೇಳಲು ಹಿರಿಯರು ನಾಚುತ್ತಾರೆ. ಮೆಲ್ಲಗೆ, ಮರ್ಯಾದೆಯಿಂದ ಕೇಳಿದರೆ ಹೇಳುತ್ತಾರೆ. ಆ ಒಂದು ಉತ್ತರ ಸಿಕ್ಕರೆ ಕಾಯಬೇಕೋ ಹೊರಡಬೇಕೋ ಎಂಬುದು ತಿಳಿಯುತ್ತದೆ.

ಅಭ್ಯಾಸಕ್ಕೆ

1. ‘ತೀವ್ರ’ ಮತ್ತು ‘ದೀರ್ಘಕಾಲಿಕ’ ಸೊಂಟನೋವಿಗೆ ಇರುವ ವ್ಯತ್ಯಾಸವೇನು?
2. 15 ಕೆ.ಜಿ. ಭಾರವನ್ನು 30 ಸೆಂ.ಮೀ. ದೂರದಲ್ಲಿ ಹಿಡಿದರೆ ಬೆನ್ನಿನ ಸ್ನಾಯುಗಳು ಎಷ್ಟು ಬಲ ಹಾಕಬೇಕು?
3. ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಮೂರು ಲಕ್ಷಣಗಳನ್ನು ಬರೆದು ಮನೆಯವರಿಗೆ ಓದಿ ಹೇಳಿ.