ಮಳೆಯ ಹೆಸರು, ಮಳೆಯ ಹದ

ನೆರೂಳಿನಲ್ಲಿ ಬೆಳೆದ ನಮಗೆ ಮಳೆ ಅಂದರೆ ಒಂದೇ ಮಳೆ. ನಮ್ಮ ಹಿರಿಯರಿಗೆ ಹಾಗಲ್ಲ, ಅವರ ಮಳೆಗಳಿಗೆ ಹೆಸರಿದೆ. ಸೂರ್ಯ ವರ್ಷದಲ್ಲಿ 27 ನಕ್ಷತ್ರಗಳನ್ನು ದಾಟುತ್ತಾನೆ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಆ ದಿನಗಳಲ್ಲಿ ಬಿದ್ದದ್ದು ಆ ನಕ್ಷತ್ರದ ಮಳೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಹೀಗೆ ಹಸ್ತ, ಚಿತ್ತೆ, ಸ್ವಾತಿಯವರೆಗೆ. ವಿಜಯಪುರದ ಕಡೆಯವರ ಬಾಯಲ್ಲಿ ಮೃಗಶಿರ 'ಮಿರಗ' ಆಗುತ್ತದೆ. ನಮ್ಮ ಮರಾಠಿ ನೆರೆಯವರ 'ಮೃಗ'ವೂ ಅದೇ. ಜೂನ್ 7-8ಕ್ಕೆ ಅದು ಶುರು.

ಇದು ಬರೀ ಹೆಸರಿನ ಪಟ್ಟಿಯಲ್ಲ, ಅಂತರದ ಲೆಕ್ಕ. ಒಂದು ಮಳೆ ಬಂದು, ನೆಲ ಕುಡಿದು, ಹದವಾಗಿ, ಕೂರಿಗೆ ಹೂಡಿ, ಮೊಳಕೆ ಬಾಡುವ ಮೊದಲು ಇನ್ನೊಂದು ಮಳೆ ಬರಬೇಕು. ಇಂಡಿ ತಾಲ್ಲೂಕಿನಲ್ಲಿ ಒಕ್ಕಲುತನ ಮಾಡುವ ನನ್ನ ಕಾಕಾ ಫೋನಿನಲ್ಲಿ ಅಂದದ್ದು ಇಷ್ಟೇ: "ಮಳಿ ಕಡಿಮಿ ಆಗಿಲ್ಲೋ ತಮ್ಮಾ. ಹದ ಕೊಡವಲ್ದು."

ಮೊದಲು ನಾನು ನಂಬಲಿಲ್ಲ. ಆದರೆ ಅಂಕಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೇಶದ ಸರಾಸರಿ ಮಳೆ 1961-2010ರ ಲೆಕ್ಕದಲ್ಲಿ 88 ಸೆಂ.ಮೀ., 1971-2020ರ ಲೆಕ್ಕದಲ್ಲಿ 87. ಒಂದೇ ಸೆಂಟಿಮೀಟರ್ ಫರಕು! ಕೆಟ್ಟದ್ದು ಹಂಚಿಕೆ. ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದನ್ನೇ ತೋರಿಸಿದರು. 1951ರಿಂದ 2000ದ ನಡುವೆ ಮಧ್ಯ ಭಾರತದಲ್ಲಿ ದಿನಕ್ಕೆ 100 ಮಿ.ಮೀ. ಮುಟ್ಟುವ ಜಡಿಮಳೆ ಹೆಚ್ಚಿತು, ಸಾಧಾರಣ ಮಳೆ ಇಳಿಯಿತು, ಒಟ್ಟು ಮೊತ್ತ ಮಾತ್ರ ಹಾಗೇ ಉಳಿಯಿತು. ಒಂದು ಪೇಪರಿನಲ್ಲಿ ನೂರು, ಇನ್ನೊಂದರಲ್ಲಿ ಸೊನ್ನೆ ತೆಗೆದವನ ಸರಾಸರಿ ಐವತ್ತು. ಆದರೂ ಅವನು ಫೇಲು ತಾನೇ?

ಕಾರಣ ಕಠಿಣವೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿದಿಟ್ಟುಕೊಳ್ಳಬಲ್ಲದು. ಸುರಿದಾಗ ಒಮ್ಮೆಲೇ ಸುರಿಯುತ್ತದೆ. ನಮ್ಮ ಪಕ್ಕದ ಅರಬ್ಬೀ ಸಮುದ್ರವೂ ಕಾದಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮತ್ತು ಜೊತೆಯವರು 2017ರಲ್ಲಿ ಪ್ರಕಟಿಸಿದಂತೆ, ಮಧ್ಯ ಭಾರತದಲ್ಲಿ ವಿಶಾಲ ಪ್ರದೇಶಕ್ಕೆ ಒಮ್ಮೆಗೇ ಹೊಡೆಯುವ ಅತಿವೃಷ್ಟಿ 1950ರಿಂದ 2015ರೊಳಗೆ ಮೂರು ಪಟ್ಟಾಗಿದೆ. ಅದಕ್ಕೆ ನೀರು ಒದಗಿಸುವುದರಲ್ಲಿ ಈ ಸಮುದ್ರದ ಪಾಲು ದೊಡ್ಡದು.

ಇಲ್ಲೊಂದು ಎಚ್ಚರಿಕೆ ಬೇಕು. ನಕ್ಷತ್ರದ ಲೆಕ್ಕ ತಪ್ಪಿದ್ದಕ್ಕೆಲ್ಲ ಬಿಸಿಗಾಳಿಯೇ ಕಾರಣ ಅನ್ನಬೇಡಿ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನ ತೂಗುವುದರಿಂದ ನಕ್ಷತ್ರಗಳ ಪ್ರವೇಶ ಸುಮಾರು 72 ವರ್ಷಕ್ಕೆ ಒಂದು ದಿನ ಮುಂದಕ್ಕೆ ಹೋಗುತ್ತದೆ. ಬೃಹತ್ಸಂಹಿತೆ ಬರೆದ ವರಾಹಮಿಹಿರನ ಆರನೆಯ ಶತಮಾನದಿಂದ ಇಲ್ಲಿಗೆ ಸುಮಾರು ಇಪ್ಪತ್ತು ದಿನ ಸರಿದಿದೆ. ಆದರೆ ಅಜ್ಜನಿಂದ ಮೊಮ್ಮಗನವರೆಗೆ ಅದು ಒಂದು ದಿನದ ಮಾತು. ಕಾಕಾನ ದೂರಿಗೆ ಅದು ಉತ್ತರವಲ್ಲ.

ನಮ್ಮೂರಿಗೇ ಬನ್ನಿ. ಮುಂಬಯಿಯಿಂದ ಮುಂಗಾರು ಹಿಂದಿರುಗುವ ವಾಡಿಕೆಯ ದಿನ ಸೆಪ್ಟೆಂಬರ್ 29 ಇತ್ತು. 2020ರಲ್ಲಿ ಹವಾಮಾನ ಇಲಾಖೆ ಅದನ್ನು ಅಕ್ಟೋಬರ್ 8 ಮಾಡಿತು. ಅಂದರೆ ಹಸ್ತ ನಕ್ಷತ್ರದ ಬಹುಪಾಲು ಈಗ ಮುಂಗಾರಿನೊಳಗೇ ಬಂತು. ಆ ತುದಿ ಹೀಗಾದರೆ ಈ ತುದಿ? 2025ರಲ್ಲಿ ಮುಂಗಾರು ಮೇ 26ಕ್ಕೇ, ರೋಹಿಣಿ ಶುರುವಾಗುತ್ತಲೇ ಮುಂಬಯಿ ಮುಟ್ಟಿತು. ವಾಡಿಕೆಯ ದಿನ ಜೂನ್ 11. ಇನ್ನು 2005ರ ಜುಲೈ 26ರ ಪುಷ್ಯ ಮಳೆಯನ್ನು ಮನೆಯ ಹಿರಿಯರನ್ನೇ ಕೇಳಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ., ಅದೇ ನಗರದ ಕೊಲಾಬಾದಲ್ಲಿ ಸುಮಾರು 73! ನೆರೂಳು ಭರತದ ನೀರು ಹೊಕ್ಕು ಹೊರಡುತ್ತಿದ್ದ ಜವುಗಿನ ಅಂಚಿನ ಊರು. ನವಿಮುಂಬಯಿಯ ಮಳೆನೀರನ್ನು ಕೊಳಗಳಲ್ಲಿ ತಡೆದು, ಇಳಿತ ಬಂದಾಗ ಖಾಡಿಗೆ ಬಿಡುವ ಏರ್ಪಾಡಿದೆ. ಜಡಿಮಳೆ ಭರತದ ಹೊತ್ತಿಗೇ ಹಿಡಿದರೆ ನೀರು ಹೋಗುವುದಾದರೂ ಎಲ್ಲಿಗೆ?

ನಮಗೆ ಅದು ಒಂದು ದಿನದ ರಜೆ, ಕಾಕಾಗೆ ಹಾಗಲ್ಲ. ಅವರ ಎರೆ ಹೊಲಕ್ಕೆ ಬಿಳಿಜೋಳ ಬೀಳಬೇಕಾದದ್ದು ಹಿಂಗಾರಿಯಲ್ಲಿ, ಉತ್ತರೆ-ಹಸ್ತದ ಹೊತ್ತಿಗೆ. ಹೋದ ಸಲ ಹಸ್ತ ಬಿಡದೆ ಹೊಡೆಯಿತು. ಎರೆ ಮಣ್ಣು ಹಸಿ ಹಿಡಿದರೆ ಎತ್ತಿನ ಕಾಲೂ ಮೇಲೇಳದು, ಕೂರಿಗೆಯ ಮಾತೆಲ್ಲಿ? ನೆಲ ಆರುವಷ್ಟರಲ್ಲಿ ಜೋಳದ ಕಾಲ ಮುಗಿದಿತ್ತು. ಕಾಕಾ ಕಡಲೆ ಬಿತ್ತಿದರು. ಸಂಕ್ರಾಂತಿ ಕಳೆದ ಮೇಲೆ ಊರಿಂದ ಬರುತ್ತಿದ್ದ ಜೋಳದ ಚೀಲ ಬರಲಿಲ್ಲ. ಅವ್ವ ಈಗ ಸ್ಟೇಷನ್ ಹತ್ತಿರದ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ಜೋಳ ತರುತ್ತಾಳೆ.