ಪಡುಬಿದ್ರಿ ಕರಾವಳಿಯ ಶಾಲಾ ಬಾಲಕರಿಗೆ ಜಲಚಕ್ರದ ಪ್ರತ್ಯಕ್ಷ ಪಾಠ

ಕಡಲ ನೀರು ಆವಿಯಾಗಿ, ಮೋಡಗಟ್ಟಿ, ಮಳೆಯಾಗಿ ಸುರಿದು, ಹೊಳೆಗಳ ಮೂಲಕ ಪುನಃ ಕಡಲನ್ನೇ ಸೇರುವುದೆಂದು ಮಕ್ಕಳು ಪುಸ್ತಕದ ಚಿತ್ರದಿಂದ ಕಲಿಯುತ್ತಾರೆ. ಪಡುಬಿದ್ರಿಯಲ್ಲಿ ಆ ಚಿತ್ರದ ಅಗತ್ಯವು ಅಷ್ಟಾಗಿ ಇಲ್ಲ. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ತೆಂಕಣಕ್ಕೆ ಹೆಜಮಾಡಿಯ ಬಳಿ ಸಮುದ್ರವನ್ನು ಸೇರುವ ಶಾಂಭವಿ ಹೊಳೆ, ಇವೆಲ್ಲವೂ ಕಣ್ಣೆದುರಿಗೇ ಇವೆ. ಕಾಣದಿರುವುದು ನೆಲದೊಳಗಣ ನೀರೊಂದೇ. ಆಟಿಯಲ್ಲಿ ತುಂಬಿ ನಿಂತ ಕಡಲತಡಿಯ ಬಾವಿಯು ಬೇಸಗೆಯ ಕೊನೆಗೆ ಉಪ್ಪಾಗುವುದೇಕೆಂಬುದನ್ನು ತಿಳಿಯಬೇಕಾದರೆ ಮಕ್ಕಳು ಗದ್ದೆಗೂ ಬಾವಿಕಟ್ಟೆಗೂ ಬರಬೇಕು. ಅದಕ್ಕೆ ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಎಡೆಮಾಡಿಕೊಡತಕ್ಕದ್ದು.

ಮೊದಲು ಅಗಲವಾದ ಪಾತ್ರೆಯಲ್ಲಿ ಕಡಲ ನೀರನ್ನು ಹಾಕಿ, ನಡುವೆ ಒಂದು ಬರಿಯ ಬಟ್ಟಲನ್ನಿಟ್ಟು, ಬಾಯಿಗೆ ಪಾರದರ್ಶಕವಾದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು, ಬಟ್ಟಲಿನ ನೇರಕ್ಕೆ ಮೇಲೊಂದು ಕಲ್ಲನ್ನಿರಿಸಿ ಬಿಸಿಲಿಗಿಡಬೇಕು. ಸಂಜೆಗೆ ಬಟ್ಟಲಿನಲ್ಲಿ ತೊಟ್ಟಿಕ್ಕಿದ ನೀರು ಸಪ್ಪೆಯಾಗಿರುತ್ತದೆ. ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲ ನೀರಿನಲ್ಲಿದ್ದ ಉಪ್ಪೆಲ್ಲವೂ ಪಾತ್ರೆಯಲ್ಲಿಯೇ ಉಳಿಯುವುದು. ಮಳೆನೀರು ಸಿಹಿಯಾಗಿರುವುದು ಇದೇ ಕಾರಣದಿಂದ.

ಮಳೆಯನ್ನು ಅಳೆಯಲು ನೇರ ಗೋಡೆಯ ಡಬ್ಬಿಯೊಂದು ಸಾಕು. ಮರ, ಮಾಡುಗಳಿಂದ ದೂರವಿಟ್ಟು, ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ಅಳತೆಗೋಲಿನಿಂದ ನೋಡಿ ಬರೆದಿಡಬೇಕು. ಒಂದು ಎಕರೆಗೆ ಒಂದು ಮಿಲಿಮೀಟರು ಮಳೆಯೆಂದರೆ 4,000 ಲೀಟರಿಗಿಂತ ತುಸು ಹೆಚ್ಚು. ಈ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಸುರಿಯುವುದರಿಂದ, ಎಕರೆಯೊಂದಕ್ಕೆ 1 ಕೋಟಿ 60 ಲಕ್ಷ ಲೀಟರು ಬಿದ್ದಂತಾಯಿತು! ಇಷ್ಟು ಬಿದ್ದರೂ ಮೇ ತಿಂಗಳಲ್ಲಿ ನೀರಿಗೆ ಪರದಾಡುವುದೇಕೆಂದು ಮಕ್ಕಳೇ ಕೇಳುವರು.

ಆಗ ಎರಡೂ ಬಾಯಿ ತೆರೆದ ಡಬ್ಬಿಯನ್ನು ಬೆಟ್ಟುಗದ್ದೆ, ಬೈಲುಗದ್ದೆ, ಹೊಯಿಗೆಯ ಅಂಗಳ, ಹಡಿಲು ಬಿದ್ದ ನೆಲ ಇವುಗಳಲ್ಲಿ ಎರಡೆರಡು ಅಂಗುಲ ಊರಿ, ಒಂದೊಂದು ಲೀಟರು ನೀರು ಹೊಯ್ದು, ಇಂಗುವ ಹೊತ್ತನ್ನು ಗಡಿಯಾರದಲ್ಲಿ ನೋಡಬೇಕು. ಹೊಯಿಗೆಯು ಬೇಗನೆ ಕುಡಿಯುವುದು. ಬೈಲಿನ ಕೆಸರು ನಿಧಾನವಾದರೂ, ಬದು ಗಟ್ಟಿಯಿದ್ದಲ್ಲಿ ನೀರು ಅನೇಕ ದಿನ ನಿಂತು ಇಂಗುವುದು. ಬದು ಒಡೆದ ಗದ್ದೆಯ ನೀರು ತೋಡಿನ ದಾರಿಯನ್ನು ಹಿಡಿಯುವುದು.

ಉಪ್ಪಿನ ವಿಷಯವನ್ನು ಗಾಜಿನ ಜಾಡಿಯಲ್ಲಿ ತೋರಿಸಬಹುದು. ಕೆಂಪು ಶಾಯಿ ಬೆರೆಸಿದ ಉಪ್ಪುನೀರಿನ ಮೇಲೆ ಚಮಚದಿಂದ ಮೆಲ್ಲನೆ ಸಿಹಿನೀರನ್ನು ಬಿಟ್ಟರೆ, ಅದು ಮೇಲೆಯೇ ನಿಲ್ಲುತ್ತದೆ. ಸಣ್ಣ ಕೊಳವೆಯಿಂದ ಅದನ್ನು ಬಸಿಯುತ್ತ ಹೋದರೆ ಕೊನೆಗೆ ಬರುವುದು ಕೆಂಪುನೀರೇ. ನೆಲದಡಿಯಲ್ಲಿಯೂ, ಸಮುದ್ರಮಟ್ಟಕ್ಕಿಂತ ಒಂದು ಅಡಿ ಎತ್ತರ ನಿಂತ ಸಿಹಿನೀರಿನ ಭಾರವು ಉಪ್ಪುನೀರನ್ನು ಸುಮಾರು 40 ಅಡಿ ಕೆಳಕ್ಕೆ ಒತ್ತಿಹಿಡಿಯುವುದೆಂಬುದು ಶಾಸ್ತ್ರಜ್ಞರ ಲೆಕ್ಕ. ಪಂಪಿನಿಂದ ಒಂದಡಿ ತಗ್ಗಿಸಿದವರು ಎಷ್ಟನ್ನು ಕಳೆದುಕೊಂಡರೆಂಬುದನ್ನು ಇದರಿಂದ ಊಹಿಸಬಹುದು.

ಆದುದರಿಂದ ತಿಂಗಳಿಗೆರಡು ಬಾರಿ, ಬೆಳಿಗ್ಗೆ ಪಂಪು ನಡೆಸುವ ಮೊದಲು, ಅಡಿಗೊಂದು ಗಂಟು ಹಾಕಿದ ಹಗ್ಗದಿಂದ ಬಾವಿಯ ನೀರಿನ ಮಟ್ಟವನ್ನು ಅಳೆದು ಶಾಲೆಯ ಪುಸ್ತಕದಲ್ಲಿ ಬರೆಯಿಸಬೇಕು. ನಾಲ್ಕಾರು ವರ್ಷ ನಡೆದ ಇಂಥ ಪುಸ್ತಕವು ಕೊಳಕೆ ಬೆಳೆಗೆ ನೀರು ಸಾಕೋ ಸಾಲದೋ ಎಂದು ನಿಶ್ಚಯಿಸುವಲ್ಲಿ ಯಜಮಾನರಿಗೂ ಉಪಯೋಗಕ್ಕೆ ಬರುವುದು. ಕಟ್ಟೆಯಿಲ್ಲದ ಬಾವಿಯ ಸಮೀಪಕ್ಕೆ ಮಕ್ಕಳನ್ನು ಬಿಡಕೂಡದು. ಹಗ್ಗವನ್ನು ಹಿರಿಯರೇ ಇಳಿಸಿ, ಗಂಟುಗಳನ್ನು ಮಾತ್ರ ಅವರಿಂದ ಎಣಿಸಬೇಕು.